ಗೊಂಬೆಗೆ ಮಾದರಿಯ ಭಾರ ಏಕೆ?

ನಿಮ್ಮ ಮನೆಯಲ್ಲಿ ಐದರಿಂದ ಹತ್ತು ವರ್ಷದೊಳಗಿನ ಹೆಣ್ಣುಮಗಳಿದ್ದರೆ ಒಮ್ಮೆ ಅವಳ ಆಟಿಕೆಯ ಡಬ್ಬ ತೆರೆದು ನೋಡಿ. ಉದ್ದ ಕಾಲಿನ, ಸಣ್ಣ ಸೊಂಟದ, ಹೊಂಬಣ್ಣದ ಕೂದಲಿನ ಗೊಂಬೆಯೊಂದು ಸಿಕ್ಕೇ ಸಿಗುತ್ತದೆ. ಅದು ಅಸಲಿ ಬಾರ್ಬಿಯೇ ಆಗಿರಬೇಕೆಂದಿಲ್ಲ. ಚೆನ್ನೈಯ ಬರ್ಮಾ ಬಜಾರಿನಲ್ಲೋ, ಮಂಗಳೂರಿನ ಫುಟ್‌ಪಾತಿನಲ್ಲೋ, ಉರೂಸಿನ ಸಂತೆಯಲ್ಲೋ ಕೊಂಡ ನಕಲಿಯಾದರೂ ಮೈಕಟ್ಟು ಅದೇ, ಬಣ್ಣ ಅದೇ, ನಗುವೂ ಅದೇ.

ನಮ್ಮ ಮನೆಗೆ ಅಂಥದ್ದೊಂದು ಬಂದದ್ದು ಊರಿನ ಮದುವೆಯೊಂದರಲ್ಲಿ. ಸಂಬಂಧಿಕರೊಬ್ಬರು ನನ್ನ ಮಗಳಿಗೆ ಪ್ರೀತಿಯಿಂದಲೇ ಕೊಟ್ಟರು. ಕೊಡುವಾಗ, "ಈ ಗೊಂಬೆಯ ಹಾಗೆ ನೀನೂ ಬೆಳ್ಳಗೆ ಆಗ್ಬೇಕು, ಆಯ್ತಾ?" ಅಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಮಗಳಿಗೆ ಆಗ ಏಳು ವರ್ಷ, ಬಣ್ಣ ನನ್ನದೇ. ರಾಯಪೇಟೆಯ ಬಾಡಿಗೆ ಮನೆಗೆ ಮರಳಿದ ಮೇಲೆ ಒಂದು ಸಂಜೆ ನೋಡುತ್ತೇನೆ, ಅವಳು ಕನ್ನಡಿಯ ಮುಂದೆ ಕೂತು ಎರಡೂ ಕೈಗೆ ಮೊಣಕೈತನಕ ಪೌಡರ್ ಬಳಿದುಕೊಂಡಿದ್ದಾಳೆ. ಗೊಂಬೆಯ ಕೈಯನ್ನು ತನ್ನ ಕೈ ಪಕ್ಕಕ್ಕೆ ಹಿಡಿದು ತಾಳೆ ನೋಡುತ್ತಿದ್ದಾಳೆ. ನನ್ನನ್ನು ಕಂಡು ಕೇಳಿದಳು, "ಉಮ್ಮಾ, ಇನ್ನೂ ಎಷ್ಟು ಹಾಕ್ಬೇಕು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಲೇಖನ ಬರೆಯುತ್ತಿದ್ದೇನೆ.

ಫ್ಯಾಷನ್ ಗೊಂಬೆಗಳು ಹೆಣ್ಣುಮಕ್ಕಳಿಗೆ ಒಳ್ಳೆಯ ಮಾದರಿಯೇ? ನಮ್ಮ ಸಮುದಾಯದಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಒಂದು, ಅದು ನಾಚಿಕೆಗೆಟ್ಟ ಗೊಂಬೆ, ಎಸೆದುಬಿಡಿ. ಎರಡು, ಅದು ಡಾಕ್ಟರ್, ಪೈಲಟ್ ಎಲ್ಲ ಆಗಿದೆ, ಮಕ್ಕಳು ಕಲಿಯಲಿ ಬಿಡಿ. ಮೂರು, ಹಿಜಾಬ್ ತೊಟ್ಟ ಗೊಂಬೆ ಸಿಗುತ್ತದೆ, ಅದನ್ನು ಕೊಡಿಸಿ. ಈ ಮೂರನ್ನೂ ನಾನು ಒಂದಲ್ಲ ಒಂದು ಕಾಲದಲ್ಲಿ ನಂಬಿದ್ದೆ. ಈಗ ಮೂರೂ ಒಂದೇ ತಪ್ಪು ಮಾಡುತ್ತಿವೆ ಅನ್ನಿಸುತ್ತದೆ. ಯಾವ ತಪ್ಪು ಎಂಬುದನ್ನು ಹೇಳುವ ಮೊದಲು ಬಾರ್ಬಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ.

ಬಾರ್ಬಿ ಮೊದಲು ಪ್ರದರ್ಶನಕ್ಕೆ ಬಂದದ್ದು 1959ರ ಮಾರ್ಚ್ 9ರಂದು, ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ. ಮ್ಯಾಟೆಲ್ ಕಂಪೆನಿಯ ರೂತ್ ಹ್ಯಾಂಡ್ಲರ್ ತನ್ನ ಮಗಳು ಬಾರ್ಬರಾ ಕಾಗದದ ಗೊಂಬೆಗಳೊಂದಿಗೆ ಆಡುವುದನ್ನು ಗಮನಿಸಿದ್ದರು. ಆ ಹುಡುಗಿ ಗೊಂಬೆಗಳಿಗೆ ದೊಡ್ಡವರ ಬದುಕು ಕೊಟ್ಟು ಆಡುತ್ತಿದ್ದಳು. ಆದರೆ ಅಂಗಡಿಯಲ್ಲಿ ಸಿಗುತ್ತಿದ್ದವು ಬಹುತೇಕ ಎಳೆಮಗುವಿನ ಗೊಂಬೆಗಳು. ಹಾಲು ಕುಡಿಸು, ತೂಗು, ಬಟ್ಟೆ ಬದಲಿಸು, ಅಷ್ಟೇ. ಅಂದರೆ ಹುಡುಗಿಗೆ ಆಟದಲ್ಲೂ ತಾಯಿಯ ಕೆಲಸ ಒಂದೇ. ಹ್ಯಾಂಡ್ಲರ್ ಮಾಡಿದ ಗೊಂಬೆ ಯಾರ ತಾಯಿಯೂ ಅಲ್ಲ, ಹೆಂಡತಿಯೂ ಅಲ್ಲ. 1962ರಲ್ಲಿ ಅದಕ್ಕೆ ಸ್ವಂತ ಮನೆ ಬಂತು. ಸಾಲ ಕೊಡುವಾಗ ಹೆಣ್ಣು ಗಂಡೆಂದು ತಾರತಮ್ಯ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1974ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವ ನಾಲ್ಕು ವರ್ಷ ಮೊದಲೇ, 1965ರಲ್ಲಿ, ಬಾರ್ಬಿ ಗಗನಯಾತ್ರಿಯ ಉಡುಪು ತೊಟ್ಟಿತು. ಹತ್ತನೇ ಕ್ಲಾಸು ಮುಗಿಯುವ ಮೊದಲೇ "ಇವಳಿಗೆ ಎಲ್ಲಾದ್ರೂ ನೋಡ್ತಾ ಇದ್ದೀರಾ?" ಎಂದು ಕೇಳಿಸಿಕೊಳ್ಳುವ ನಮ್ಮ ಹುಡುಗಿಯರಿಗೆ ಇದು ಸಣ್ಣ ಸಂಗತಿಯಲ್ಲ. ಬಾರ್ಬಿಯನ್ನು ಒಂದೇ ಮಾತಿನಲ್ಲಿ ಬೈದು ಎಸೆಯುವವರು ಇದನ್ನು ಮರೆಯಬಾರದು.

ಆದರೆ ಆ ಉದ್ಯೋಗದ ಬಟ್ಟೆಗಳ ಕೆಳಗೆ ಇರುವ ಮೈ ಯಾರದು? ಜರ್ಮನಿಯಲ್ಲಿ ಬಿಲ್ಡ್ ಪತ್ರಿಕೆಯ ವ್ಯಂಗ್ಯಚಿತ್ರವೊಂದರಿಂದ ಹುಟ್ಟಿದ 'ಲಿಲಿ' ಎಂಬ ಗೊಂಬೆಯಿತ್ತು. ಅದನ್ನು ಮೊದಲು ಮಾರುತ್ತಿದ್ದದ್ದು ದೊಡ್ಡವರಿಗಾಗಿ. ಹ್ಯಾಂಡ್ಲರ್ ಯುರೋಪ್ ಪ್ರವಾಸದಲ್ಲಿ ಅದನ್ನು ಕಂಡು ತಂದರು. ಬಾರ್ಬಿಯ ಆಕಾರ ಅದರದ್ದು. ಡಾಕ್ಟರಿನ ಕೋಟು, ಪೈಲಟಿನ ಟೋಪಿ ಎಲ್ಲವೂ ಆಮೇಲೆ ಆ ಮೈಗೆ ಹೊದಿಸಿದ್ದು. ಪಾದವನ್ನೇ ನೋಡಿ. ಬಹುಪಾಲು ಬಾರ್ಬಿಗಳ ಪಾದ ಎತ್ತರದ ಹಿಮ್ಮಡಿಯ ಚಪ್ಪಲಿಗೆಂದೇ ಮೇಲೆತ್ತಿಕೊಂಡಿರುತ್ತಿತ್ತು. ಬೇಕಾದಂತೆ ಬಾಗುವ ಕಣಕಾಲು ಕೊಟ್ಟದ್ದು 2015ರಲ್ಲಿ. ಇನ್ನೂರಕ್ಕೂ ಹೆಚ್ಚು ಉದ್ಯೋಗ ಮಾಡಿದ ಹೆಣ್ಣು ಎಂದು ಕಂಪೆನಿ ಹೆಮ್ಮೆಪಡುವ ಈ ಗೊಂಬೆ, ಆಸರೆಯಿಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ಅನುಮಾನವಿದ್ದರೆ ಈಗಲೇ ಒಂದನ್ನು ನಿಲ್ಲಿಸಿ ನೋಡಿ.

ಇನ್ನು ಗೊಂಬೆಯ ಜೊತೆಗೆ ಬಂದ ಮಾತುಗಳು. 1963ರಲ್ಲಿ ಮಗುವನ್ನು ನೋಡಿಕೊಳ್ಳುವ ಬಾರ್ಬಿಯ ಸೆಟ್ಟಿನೊಳಗೆ ತೂಕ ಇಳಿಸುವ ಬಗ್ಗೆ ಪುಟಾಣಿ ಪುಸ್ತಕವೊಂದಿತ್ತು. ಅದರ ಹಿಂಬದಿಯಲ್ಲಿದ್ದ ಸಲಹೆ ತಿನ್ನಲೇಬೇಡಿ ಎಂಬುದು. 1965ರ ಇನ್ನೊಂದು ಸೆಟ್ಟಿನಲ್ಲಿ ಅದೇ ಪುಸ್ತಕದ ಜೊತೆ ತೂಕದ ಯಂತ್ರವೂ ಇತ್ತು, ಮುಳ್ಳು 110 ಪೌಂಡಿಗೆ, ಅಂದರೆ ಸುಮಾರು 50 ಕಿಲೋಗೆ, ನಿಂತುಬಿಟ್ಟಿತ್ತು. 1992ರಲ್ಲಿ ಮಾತನಾಡುವ ಬಾರ್ಬಿ ಬಂದಾಗ ಅದು ಆಡಿದ ಮಾತುಗಳಲ್ಲಿ ಗಣಿತದ ಕ್ಲಾಸು ಕಷ್ಟ ಎಂಬುದೂ ಒಂದು. ಅಮೆರಿಕದ ವಿದ್ಯಾವಂತ ಮಹಿಳೆಯರ ಸಂಘಟನೆ ವಿರೋಧಿಸಿದ ಮೇಲೆ ಕಂಪೆನಿ ಅದನ್ನು ತೆಗೆಯಿತು.

ಆಟಿಕೆಯೊಂದು ಮಗುವಿನ ಮನಸ್ಸನ್ನು ಅಷ್ಟೊಂದು ಬದಲಿಸುತ್ತದಾ ಎಂದು ನೀವು ಕೇಳಬಹುದು. ಎರಡು ಅಧ್ಯಯನಗಳನ್ನು ಹೇಳುತ್ತೇನೆ. 2006ರಲ್ಲಿ ಹೆಲ್ಗಾ ಡಿಟ್ಮಾರ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಐದೂವರೆಯಿಂದ ಎಂಟೂವರೆ ವರ್ಷದ 162 ಹುಡುಗಿಯರಿಗೆ ಚಿತ್ರಗಳನ್ನು ತೋರಿಸಿದರು. ಕೆಲವರಿಗೆ ಬಾರ್ಬಿ, ಕೆಲವರಿಗೆ ತುಂಬಿದ ಮೈಯ ಗೊಂಬೆ, ಕೆಲವರಿಗೆ ಗೊಂಬೆಯೇ ಇಲ್ಲದ ಚಿತ್ರ. ಬಾರ್ಬಿ ಕಂಡ ಸಣ್ಣ ಹುಡುಗಿಯರಲ್ಲಿ ತಮ್ಮ ಮೈ ಬಗ್ಗೆ ಅಸಮಾಧಾನವೂ ತೆಳ್ಳಗಾಗುವ ಆಸೆಯೂ ಹೆಚ್ಚಾಗಿ ಕಂಡಿತು. 2014ರಲ್ಲಿ ಅಮೆರಿಕದ ಶೆರ್ಮನ್ ಮತ್ತು ಝುರ್‌ಬ್ರಿಗನ್ ಎಂಬಿಬ್ಬರು 37 ಹುಡುಗಿಯರಿಗೆ ಐದು ನಿಮಿಷ ಆಡಲು ಬಿಟ್ಟರು. ಕೆಲವರ ಕೈಗೆ ಬಾರ್ಬಿ, ಕೆಲವರ ಕೈಗೆ ಆಲೂಗಡ್ಡೆ ಆಕಾರದ ಗೊಂಬೆ. ಆಮೇಲೆ ಹತ್ತು ಉದ್ಯೋಗಗಳ ಚಿತ್ರ ತೋರಿಸಿ, ಇದರಲ್ಲಿ ನೀನು ಯಾವುದು ಮಾಡಬಲ್ಲೆ, ಹುಡುಗರು ಯಾವುದು ಮಾಡಬಲ್ಲರು ಎಂದು ಕೇಳಿದರು. ಬಾರ್ಬಿಯೊಂದಿಗೆ ಆಡಿದವರು ಹುಡುಗರಿಗಿಂತ ತಮಗೆ ಕಡಿಮೆ ಉದ್ಯೋಗ ಸಾಧ್ಯ ಎಂದರು. ಡಾಕ್ಟರ್ ಬಾರ್ಬಿ ಹಿಡಿದವರೂ ಹಾಗೆಯೇ ಅಂದರು. 37 ಮಕ್ಕಳ ಅಧ್ಯಯನ ಕೊನೆಯ ಮಾತಲ್ಲ, ನಿಜ. ಆದರೆ "ಡಾಕ್ಟರ್ ಕೋಟು ಹಾಕಿದರೆ ಸಾಕು" ಎಂಬ ಎರಡನೇ ಉತ್ತರವನ್ನು ಅದು ಅಲುಗಾಡಿಸುತ್ತದೆ.

ಕಂಪೆನಿ ಬದಲಾಗಿಲ್ಲ ಎನ್ನುವಂತಿಲ್ಲ. 2016ರಲ್ಲಿ ಮೂರು ಹೊಸ ಮೈಕಟ್ಟು, ಏಳು ಚರ್ಮದ ಬಣ್ಣಗಳು ಬಂದವು. 2018ರಲ್ಲಿ ನಿಜವಾಗಿ ಬದುಕಿದ್ದ ಸಾಧಕಿಯರ ಸರಣಿ ಬಂತು. ಅದರಲ್ಲಿ ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ ಕೂಡಾ ಇದ್ದರು. ಫ್ರೀಡಾ ತನ್ನ ಕೂಡುಹುಬ್ಬನ್ನು ಮರೆಮಾಚದೆ ಚಿತ್ರದಿಂದ ಚಿತ್ರಕ್ಕೆ ಬರೆದುಕೊಂಡವರು. ಪೋಲಿಯೊ ಮತ್ತು ಬಸ್ ಅಪಘಾತದಿಂದ ಜರ್ಜರಿತವಾದ ಮೈಯನ್ನೇ ಕಲೆಯಾಗಿಸಿದವರು. ಗೊಂಬೆಯಾಗುವಾಗ ಹುಬ್ಬು ತೆಳುವಾಯಿತು, ಮೈ ನೇರವಾಯಿತು. ಕುಟುಂಬದವರು ನ್ಯಾಯಾಲಯಕ್ಕೆ ಹೋದರು, ಮೆಕ್ಸಿಕೋದಲ್ಲಿ ಮಾರಾಟಕ್ಕೆ ತಡೆ ಬಿತ್ತು. ನೋಡಿ, ಮಾದರಿಯಾಗಬಲ್ಲ ಹೆಣ್ಣನ್ನೇ ತಂದು ಗೊಂಬೆ ಮಾಡಿದರೂ, ಯಾವುದರಿಂದ ಅವಳು ಮಾದರಿಯಾದಳೋ ಅದನ್ನೇ ಉಜ್ಜಿ ತೆಗೆಯಬೇಕಾಯಿತು.

ಈಗ ಬಣ್ಣದ ವಿಚಾರಕ್ಕೆ ಬರುತ್ತೇನೆ. ಮಗಳು ಪೌಡರ್ ಬಳಿದುಕೊಂಡ ಮರುವಾರ ನಾನು ಟಿ. ನಗರಕ್ಕೆ ಹೋಗಿ ಅಂಗಡಿಯೊಂದರಲ್ಲಿ ನಮ್ಮ ಬಣ್ಣದ ಗೊಂಬೆ ಕೇಳಿದೆ. ಅಂಗಡಿಯಾತ ತಮಿಳಿನಲ್ಲಿ, "ಕರುಪ್ಪು ಬೊಮ್ಮೈ ಓಡಾದು ಮೇಡಂ" ಎಂದ. ಕಪ್ಪು ಗೊಂಬೆ ಓಡಲ್ಲ, ಅಂದರೆ ಮಾರಾಟವಾಗಲ್ಲ. ಹೇಳಿದವನೂ ನನ್ನದೇ ಬಣ್ಣದವನು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ನಮ್ಮ ಮನೆಗಳ ಲೆಕ್ಕವನ್ನೇ ನಮಗೆ ಒಪ್ಪಿಸುತ್ತಿದ್ದ. ಭಾರತದಲ್ಲಿ ಮಾರಿದ ಬಾರ್ಬಿ ಸೀರೆ ಉಟ್ಟಿತು, ಬಳೆ ತೊಟ್ಟಿತು, ಹಣೆಗೆ ಬಿಂದಿ ಇಟ್ಟಿತು. ನಮ್ಮ ಬಣ್ಣವನ್ನು ಮಾತ್ರ ಸುಲಭಕ್ಕೆ ತೊಡಲಿಲ್ಲ.

ಚೆನ್ನೈ ಈ ವಿಷಯದಲ್ಲಿ ವಿಚಿತ್ರ ಊರು. ಕೇಸರಿ ಹಾಕಿದ ಫೇರ್‌ಎವರ್ ಎಂಬ ಬಿಳುಪಿನ ಕ್ರೀಮನ್ನು 1998ರಲ್ಲಿ ಮಾರುಕಟ್ಟೆಗೆ ತಂದ ಕೆವಿನ್‌ಕೇರ್ ಇಲ್ಲಿಯ ಕಂಪೆನಿ. 2009ರಲ್ಲಿ 'ಡಾರ್ಕ್ ಈಸ್ ಬ್ಯೂಟಿಫುಲ್' ಎಂಬ ಅಭಿಯಾನ ಶುರುಮಾಡಿದ ಕವಿತಾ ಇಮ್ಯಾನುಯೆಲ್ ಅವರ 'ವಿಮೆನ್ ಆಫ್ ವರ್ತ್' ಸಂಸ್ಥೆಯೂ ಇಲ್ಲಿಯದೇ. 2013ರಲ್ಲಿ ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದ ಮೇಲೆ ದೇಶವೆಲ್ಲ ಕೇಳಿಸಿಕೊಂಡಿತು. 2020ರಲ್ಲಿ 'ಫೇರ್ ಆ್ಯಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಪದ ಕೈಬಿಟ್ಟಿತು. ಹೆಸರು ಬದಲಾಯಿತು. ಆದರೆ ವರಾನ್ವೇಷಣೆಗೆ ಕಳಿಸುವ ಬಯೋಡಾಟಾದಲ್ಲಿ ನಾವು ಬಣ್ಣದ ಕಾಲಂ ಕೈಬಿಟ್ಟಿದ್ದೇವೆಯೇ?

1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಅಮೆರಿಕದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ ಎಂದು ಕೇಳಿದ್ದರು. ಹೆಚ್ಚಿನವರು ಬಿಳಿಯದನ್ನು ತೋರಿಸಿದರು. ಶಾಲೆಗಳಲ್ಲಿ ವರ್ಣಭೇದವನ್ನು ರದ್ದು ಮಾಡಿದ 1954ರ ತೀರ್ಪಿನಲ್ಲಿ ಕ್ಲಾರ್ಕ್ ಅವರ ಬರಹವೂ ಉಲ್ಲೇಖವಾಯಿತು. ಆ ಮಕ್ಕಳಿಗೆ ಗೊಂಬೆ ಪಾಠ ಮಾಡಿರಲಿಲ್ಲ. ಸುತ್ತಲಿನ ಸಮಾಜ ಮಾಡಿತ್ತು. ನಮ್ಮಲ್ಲೂ ಅಷ್ಟೇ. "ಗೊಂಬೆಯ ಹಾಗೆ ಬೆಳ್ಳಗೆ ಆಗ್ಬೇಕು" ಎಂದದ್ದು ಗೊಂಬೆಯಲ್ಲ. ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ ಎಂದು ದಿನಾ ಹೇಳುತ್ತಿದ್ದವಳು ನಾನೇ. ತಾನು ತಿಂದ ಮೊಸರನ್ನು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಹಾಗೆ ಎಲ್ಲವನ್ನೂ ಬಾರ್ಬಿಯ ಮುಖಕ್ಕೆ ಒರೆಸಿದರೆ ನಮಗೆ ನಿದ್ದೆ ಬರಬಹುದು, ಮಗಳ ಕೈಯ ಪೌಡರ್ ಹೋಗುವುದಿಲ್ಲ.

ಹಾಗಾದರೆ ಮೂರನೇ ಉತ್ತರ? 2002ರಲ್ಲಿ ಇರಾನ್ ಸಾರಾ ಮತ್ತು ದಾರಾ ಎಂಬ ಅಕ್ಕತಮ್ಮಂದಿರಂಥ ಮಕ್ಕಳ ಗೊಂಬೆಗಳನ್ನು ತಂದಿತು. 2003ರಲ್ಲಿ ಸೌದಿ ಅರೇಬಿಯಾದ ಧಾರ್ಮಿಕ ಪೊಲೀಸರು ಬಾರ್ಬಿಯ ವಿರುದ್ಧ ಎಚ್ಚರಿಕೆ ಹೊರಡಿಸಿದರು. ಅದೇ ವರ್ಷ ಅರಬ್ ಮಾರುಕಟ್ಟೆಗೆ ಅಬಾಯ ತೊಟ್ಟ 'ಫುಲ್ಲಾ' ಬಂದಳು. ಫುಲ್ಲಾ ಎಂದರೆ ಮಲ್ಲಿಗೆ. 2017ರಲ್ಲಿ ಮ್ಯಾಟೆಲ್ ಕಂಪೆನಿಯೇ ಇಬ್ತಿಹಾಜ್ ಮುಹಮ್ಮದ್ ಅವರ ಹಿಜಾಬ್‌ಧಾರಿ ಬಾರ್ಬಿಯನ್ನು ಘೋಷಿಸಿತು. ಅವರು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ತೊಟ್ಟೇ ಅಮೆರಿಕದ ಪರ ಕತ್ತಿವರಸೆ ಆಡಿ ತಂಡದೊಂದಿಗೆ ಕಂಚು ಗೆದ್ದವರು. ತನ್ನ ಹಾಗೆ ತಲೆ ಮುಚ್ಚಿಕೊಂಡ ಗೊಂಬೆಯನ್ನು ಅಂಗಡಿಯಲ್ಲಿ ಕಂಡು ಹುಡುಗಿಯೊಬ್ಬಳ ಕಣ್ಣು ಅರಳಿದರೆ ಅದು ನಿಜವಾದ ಸಂತೋಷ. ಅದನ್ನು ನಾನು ಹೀಗಳೆಯಲಾರೆ.

ಆದರೆ ಫುಲ್ಲಾಳ ಪೆಟ್ಟಿಗೆಯನ್ನು ವಿಮರ್ಶಕರ ಕಣ್ಣಿಂದ ನೋಡಿ. ಅದೂ ಗುಲಾಬಿ ಬಣ್ಣದ್ದೇ. ಹೊರಗೆ ಹೋಗುವ ಉಡುಪು ಬೇರೆ, ಮನೆಯೊಳಗಿನ ಉಡುಪು ಬೇರೆ, ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಬೇಕು. ಆಕೃತಿ ತುಸು ಸಂಕೋಚದ್ದು, ಆದರೂ ತೆಳ್ಳಗೇ, ಬೆಳ್ಳಗೇ. ಒಂದು ಗೊಂಬೆ ಹೇಳುತ್ತದೆ, ನೀನು ಏನು ಬೇಕಾದರೂ ಆಗಬಹುದು, ಆದರೆ ನನ್ನ ಹಾಗೆ ಕಾಣಬೇಕು. ಇನ್ನೊಂದು ಹೇಳುತ್ತದೆ, ನೀನು ಒಳ್ಳೆಯವಳಾಗಬೇಕು, ಆದರೆ ನನ್ನ ಹಾಗೆ ಕಾಣಬೇಕು. ಮಗುವಿನ ಮುಂದಿರುವ ಕನ್ನಡಿ ಅದೇ.

ಇಲ್ಲಿಗೆ ನನಗೆ ದಾರಿ ತೋರಿಸಿದ್ದು ಪಕ್ಕದ ಮನೆ. ಚೆನ್ನೈಯಲ್ಲಿ ನವರಾತ್ರಿ ಬಂದರೆ ಮೈಲಾಪುರದ ಮಾಡವೀದಿಯ ತುಂಬ ಮಣ್ಣಿನ ಗೊಂಬೆಗಳು. ಮನೆಮನೆಯಲ್ಲಿ ಮೆಟ್ಟಿಲು ಕಟ್ಟಿ ಕೊಲು ಇಡುತ್ತಾರೆ. ನಮ್ಮ ಮೈಸೂರು ಕಡೆಯ ಗೊಂಬೆ ಹಬ್ಬದ ಹಾಗೆ. ಪಕ್ಕದ ಮನೆಯ ಮಾಮಿ ಪ್ರತಿ ವರ್ಷ ನನ್ನ ಮಗಳನ್ನು ಕರೆಯುತ್ತಾರೆ. ನೆರೆಯವರು ಕರೆದರೆ ನಾವು ಹೋಗುತ್ತೇವೆ. ಗೊಂಬೆ ನೋಡುತ್ತಾಳೆ, ಕಡಲೆಯ ಸುಂಡಲ್ ತಿನ್ನುತ್ತಾಳೆ, ಬರುತ್ತಾಳೆ.

ಆ ಮೆಟ್ಟಿಲುಗಳಲ್ಲಿ ದೇವರ ಗೊಂಬೆಗಳಿವೆ, ಅದು ಅವರ ನಂಬಿಕೆ. ನನ್ನ ಕಣ್ಣು ನಿಂತದ್ದು ಕೆಳಗಿನ ಮೆಟ್ಟಿಲುಗಳಲ್ಲಿ. ಅಲ್ಲಿ ಕಿರಾಣಿ ಅಂಗಡಿ ತೆರೆದು ಕೂತ ಚೆಟ್ಟಿಯಾರ್ ಗೊಂಬೆ, ಪಕ್ಕದಲ್ಲಿ ಅವನಷ್ಟೇ ಹೊಟ್ಟೆಯುಳ್ಳ ಅವನ ಹೆಂಡತಿ. ತರಕಾರಿ ಮಾರುವವಳು, ವಾದ್ಯದವರು, ಮದುವೆಯ ದಿಬ್ಬಣ, ತಲೆಯಾಡಿಸುವ ತಂಜಾವೂರಿನ ಗೊಂಬೆ, ರಕ್ತಚಂದನದ ಕೆಂಗಪ್ಪು ಮರಪಾಚಿ ಜೋಡಿ. ಅವುಗಳ ನಡುವೆ, ಮಕ್ಕಳು ಕಟ್ಟಿದ ಪಾರ್ಕಿನಲ್ಲಿ, ಮಾಮಿಯ ಮೊಮ್ಮಗಳ ಬಾರ್ಬಿ. ನಿಲ್ಲಲಾರದೆ ಮೆಟ್ಟಿಲಿಗೆ ಒರಗಿಸಿ ಇಟ್ಟಿದ್ದರು. ನನ್ನ ಮಗಳು ಅದನ್ನು ಕಂಡು, "ಉಮ್ಮಾ, ಇವಳಿಗೆ ಕಾಲು ನೋವು. ಸಾಮಾನು ತರ್ಲಿಕ್ಕೆ ಬಂದದ್ದು, ಆ ಮಾಮಿಯ ಅಂಗಡಿಯಲ್ಲಿ ಕೂತ್ಕೊಳ್ಳಿ" ಎಂದು ಚೆಟ್ಟಿಯಾರ್ ಹೆಂಡತಿಯ ಪಕ್ಕ ಕೂರಿಸಿದಳು.

ಒಂಟಿಯಾಗಿ ಪೆಟ್ಟಿಗೆಯಲ್ಲಿದ್ದಾಗ ಆ ಗೊಂಬೆ ನನ್ನ ಮಗಳ ಬಣ್ಣ ಅಳೆಯುವ ಕೋಲಾಗಿತ್ತು. ದಪ್ಪಗಿನವರು, ಮುದುಕರು, ಕಪ್ಪಗಿನವರು, ದುಡಿಯುವವರ ನಡುವೆ ಇಟ್ಟಾಗ ಅದು ಕಾಲು ನೋವಿನ ಒಬ್ಬ ಉದ್ದ ಹುಡುಗಿಯಾಯಿತು, ಅಷ್ಟೇ. ಆ ಚೆಟ್ಟಿಯಾರ್ ಹೆಂಡತಿಯನ್ನು ಯಾರೂ ಮಾದರಿ ಎಂದು ಕರೆದಿಲ್ಲ. ಅವಳು ಒಂದು ಊರಿನ ಒಬ್ಬ ಮನುಷ್ಯಳು. ಮೂರೂ ಉತ್ತರಗಳ ತಪ್ಪು ನನಗೆ ಹೊಳೆದದ್ದು ಇಲ್ಲಿ. ಎಸೆಯಿರಿ ಎನ್ನುವವರು ಅದನ್ನು ಕೆಟ್ಟ ಮಾದರಿ ಎನ್ನುತ್ತಾರೆ, ಕೊಡಿಸಿ ಎನ್ನುವವರು ಒಳ್ಳೆಯ ಮಾದರಿ ಎನ್ನುತ್ತಾರೆ, ಹಿಜಾಬ್ ಗೊಂಬೆಯವರು ಇನ್ನೂ ಒಳ್ಳೆಯ ಮಾದರಿ ಎನ್ನುತ್ತಾರೆ. ಅಲ್ಲ ಮಾರಾಯ್ರೆ, ಗೊಂಬೆ ಮಾದರಿಯಾಗಬೇಕೆಂದು ಹೇಳಿದವರು ಯಾರು? ಅದು ಮಗು ಕಟ್ಟುವ ಊರಿನ ಒಬ್ಬ ನಿವಾಸಿ. ಕಥೆ ಹೇಳಬೇಕಾದವಳು ಮಗು.

ನಮ್ಮ ಪರಂಪರೆಗೂ ಇದು ಹೊಸದಲ್ಲ. ಆಶೂರಾದ ಉಪವಾಸ ಹಿಡಿದ ಮಕ್ಕಳು ಹಸಿವಿನಿಂದ ಅತ್ತಾಗ ತಾಯಂದಿರು ಉಣ್ಣೆಯ ಆಟಿಕೆ ಮಾಡಿಕೊಡುತ್ತಿದ್ದರೆಂದು ಹದೀಸಿನಲ್ಲಿದೆ. ಆಯಿಶಾ(ರ) ಅವರ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಕುದುರೆಯೊಂದನ್ನು ಪ್ರವಾದಿ(ಸ) ಕಂಡ ಪ್ರಸಂಗ ನೀವು ಕೇಳಿರಬಹುದು. ಕುದುರೆಗೆ ರೆಕ್ಕೆಯೇ ಎಂದು ಅವರು ವಿಚಾರಿಸಿದಾಗ, ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದದ್ದು ತಾವು ಕೇಳಿಲ್ಲವೇ ಎಂದು ಆಯಿಶಾ ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ದವಡೆ ಹಲ್ಲು ಕಾಣುವಂತೆ ನಕ್ಕರು. ಗೊಂಬೆ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆಗೆ ಈ ಪ್ರಸಂಗವನ್ನು ಬಳಸುತ್ತೇವೆ. ಅದರೊಳಗಿನ ಇನ್ನೊಂದು ಸಂಗತಿಯನ್ನು ನೋಡುವುದಿಲ್ಲ. ಅಲ್ಲಿ ಕುದುರೆ ಏನನ್ನೂ ಕಲಿಸುತ್ತಿಲ್ಲ. ಅದಕ್ಕೆ ರೆಕ್ಕೆ ಹಚ್ಚಿದ ಕಲ್ಪನೆಯೂ, ಕೇಳಿದವರಿಗೆ ಅಳುಕದೆ ಕೊಟ್ಟ ಉತ್ತರವೂ ಆಡುತ್ತಿದ್ದವರದು. ಕೇಳಿದವರು ತಿದ್ದಲಿಲ್ಲ, ನಕ್ಕರು.

ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಹಳೆಯ ಬಟ್ಟೆಯ ಚೂರನ್ನು ಸುತ್ತಿ, ಬೀಡಿಯ ನೂಲಿನಲ್ಲೇ ಕುತ್ತಿಗೆ, ಸೊಂಟ ಬಿಗಿದು ನನಗೆ ಗೊಂಬೆ ಮಾಡಿಕೊಡುತ್ತಿದ್ದರು. ಅದಕ್ಕೆ ಮುಖವೇ ಇರಲಿಲ್ಲ. ಆದ್ದರಿಂದ ಅದು ಬೆಳಿಗ್ಗೆ ಟೀಚರ್, ಸಂಜೆ ಮದುಮಗಳು, ರಾತ್ರಿ ಜ್ವರದ ಮಗು. ಆ ಗೊಂಬೆ ನನಗೆ ಮಾದರಿಯಾಗಿರಲಿಲ್ಲ. ಬೀಡಿಯ ಮಜೂರಿಯಲ್ಲಿ ನನ್ನ ಉಮ್ಮನನ್ನು ಓದಿಸಿದ ಅಜ್ಜಿ ಮಾದರಿಯಾಗಿದ್ದರು.

ಮಾದರಿ ಬೇಕಾದರೆ ಹುಡುಗಿಯರಿಗೆ ಮನುಷ್ಯರನ್ನು ತೋರಿಸೋಣ. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಫಾತಿಮಾ ಬೀವಿ 1997ರಿಂದ 2001ರವರೆಗೆ ಇದೇ ಚೆನ್ನೈಯ ರಾಜಭವನದಲ್ಲಿ ರಾಜ್ಯಪಾಲರಾಗಿದ್ದರು. ತೇನಾಂಪೇಟೆಯಲ್ಲಿ 1955ರಲ್ಲಿ ಶುರುವಾದ ಬಷೀರ್ ಅಹ್ಮದ್ ಸಯೀದ್ ಮಹಿಳಾ ಕಾಲೇಜಿನ ಮುಂದೆ ಮಗಳೊಂದಿಗೆ ಹಾದುಹೋಗುವಾಗ, ಹೊರಬರುವ ಹುಡುಗಿಯರನ್ನು ಅವಳಿಗೆ ತೋರಿಸುತ್ತೇನೆ. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಪತ್ರಿಕೆಯ ಫೋಟೊ ಅವಳ ಕೈಗೇ ಕೊಟ್ಟೆ. ಇವರಿಗೆಲ್ಲ ವಯಸ್ಸಾಗುತ್ತದೆ, ತಪ್ಪಾಗುತ್ತದೆ, ವಿರೋಧ ಎದುರಾಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಗೊಂಬೆಗೆ ಇದೊಂದೂ ಆಗುವುದಿಲ್ಲ.

ಗೊಂಬೆಯನ್ನು ಎಸೆಯಬೇಡಿ. ಎಸೆದರೆ ಅದು ಇನ್ನೂ ದೊಡ್ಡದಾಗುತ್ತದೆ. ಜೊತೆಗೆ ನಾಲ್ಕು ಗೊಂಬೆ ಕೂಡಿಸಿ: ಚನ್ನಪಟ್ಟಣದ ಮರದ್ದು, ಮಣ್ಣಿನದು, ಬಟ್ಟೆಯದು, ಕಪ್ಪಗಿನದು, ದಪ್ಪಗಿನದು. ಪಕ್ಕದಲ್ಲಿ ಕೂತು ಅವಳ ಕಥೆ ಕೇಳಿ, ತಿದ್ದಲು ಹೋಗಬೇಡಿ. ಮತ್ತು ಕನ್ನಡಿಯ ಮುಂದೆ ನಿಂತು ನಿಮ್ಮ ಬಣ್ಣವನ್ನೋ ಮೈಯನ್ನೋ ಬೈಯುವಾಗ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿ.

"ಇನ್ನೂ ಎಷ್ಟು ಹಾಕ್ಬೇಕು?" ಎಂದು ಮಗಳು ಕೇಳಿದ ಸಂಜೆ ನಾನು ಬೈದು ಪೌಡರ್ ಡಬ್ಬ ಕಿತ್ತುಕೊಂಡಿದ್ದೆ. ಅದು ಉತ್ತರವಾಗಿರಲಿಲ್ಲ. ನಾನು ಅವಳ ಪಕ್ಕ ಕೂತು, ನನ್ನ ಕೈಯನ್ನು ಅವಳ ಕೈ ಪಕ್ಕ ಇಡಬೇಕಿತ್ತು. ಈಗ ಇಡುತ್ತೇನೆ. ಅವಳಿಗೀಗ ಒಂಬತ್ತು. "ಉಮ್ಮಾ, ನಿಂದು ನನ್ನದಕ್ಕಿಂತ ಕಪ್ಪು" ಎಂದು ನಗುತ್ತಾಳೆ. ಹೌದು ಅನ್ನುತ್ತೇನೆ.